ಪಂಕ್ತಿಯಿಂದ ಎದ್ದ ಮೇಲೆ

ಏಪ್ರಿಲ್ ೧೪, ಸೋಮವಾರ

ಅಗ್ನಿಶಾಮಕ ಸಪ್ತಾಹ ಇವತ್ತು ಶುರುವಾಯಿತು. ಬೆಳಿಗ್ಗೆ ಕಡೂರು ಠಾಣೆಯ ಮುಂದೆ ಪೆರೇಡು, ಕರ್ತವ್ಯದಲ್ಲಿ ಮಡಿದವರಿಗೆ ಮೌನ, ಆಮೇಲೆ ನನ್ನ ಭಾಷಣ. ಚೆನ್ನಾಗಿತ್ತು ಅಂತ ನಾನೇ ಹೇಳಿಕೊಳ್ಳಬಾರದು, ಆದರೆ ಚೆನ್ನಾಗಿತ್ತು. "ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬೇಡಿ" ಅಂತ ಶುರುಮಾಡಿದರೆ ತೂಕಡಿಸುವವನೂ ತಲೆಯೆತ್ತಿ ಕೂರುತ್ತಾನೆ.

ಇದೇ ಇಲಾಖೆಗೆ ತರೀಕೆರೆಯಲ್ಲಿ ಸಾದಾ ಫೈರ್‌ಮನ್ ಆಗಿ ಸೇರಿದವನು ನಾನು. ಏಣಿ ಹೊತ್ತೆ, ಪೈಪು ಎಳೆದೆ, ಬಾವಿಗೆ ಬಿದ್ದ ಹಸುಗಳನ್ನು ಎತ್ತಿದೆ, ಬೈಸಿಕೊಂಡೆ. ಈಗ ಕಡೂರಿನ ಠಾಣಾಧಿಕಾರಿ ರುದ್ರಮೂರ್ತಿ ಎಂದರೆ ಅಜ್ಜಂಪುರದ ತನಕ ಗೊತ್ತು. ನನ್ನಿಂದ ತರಬೇತಿ ಪಡೆಯದ ಶಾಲೆಯಿಲ್ಲ, ಪೆಟ್ರೋಲ್ ಬಂಕಿಲ್ಲ. ನಿವೃತ್ತಿಗೆ ಇನ್ನೇನು ಹೆಚ್ಚು ದಿನವಿಲ್ಲ. ಅಷ್ಟರಲ್ಲಿ ಪದಕ ಬಂದರೆ ಬರಲಿ, ಬಾರದಿದ್ದರೆ ಕೊಡದವರ ಕರ್ಮ.

ಬುಧವಾರ ಸಖರಾಯಪಟ್ಟಣದ ಹತ್ತಿರ ಬಸವರಾಜಪ್ಪನವರ ಹೊಸ ಎಣ್ಣೆ ಮಿಲ್ಲಿನಲ್ಲಿ ಪ್ರದರ್ಶನ. ದೊಡ್ಡ ಕೊಬ್ಬರಿ ವ್ಯಾಪಾರಿ, ನಮ್ಮವರೇ. ಫೋನಿನಲ್ಲಿ ಅವರದೇ ಗತ್ತು. "ನೀರು ಚೆನ್ನಾಗಿ ಹಾರಿಸ್ಬೇಕು ಕಣ್ರೀ ರುದ್ರಮೂರ್ತಿ, ನಮ್ಮ ಬೀಗರೆಲ್ಲ ಬತ್ತಾರೆ. ಊಟ ನಮ್ಮಲ್ಲೇ. ಹೋಳಿಗೆ!" ಆಗಲಿ ಎಂದೆ.

ಗಾಡಿ ಓಡಿಸುವ ಹೊನ್ನೇಶ ಆ ಬುಧವಾರಕ್ಕೇ ರಜೆ ಕೇಳಿಕೊಂಡು ಬಂದ. ಹೆಂಡತಿಯ ತವರೂರಲ್ಲಿ ಏನೋ ಮಷೀನು ಶುರುಮಾಡುತ್ತಾರಂತೆ. ಸಪ್ತಾಹದಲ್ಲಿ ಎಂಥ ರಜೆ? ಗದರಿಸಿ ಕಳಿಸಿದೆ. ಇಂಥವನ್ನೆಲ್ಲ ತಲೆಗೇರಿಸಿಕೊಂಡರೆ ಠಾಣೆ ನಡೆಸಿದ ಹಾಗೇ.

ಏಪ್ರಿಲ್ ೧೬, ಬುಧವಾರ

ಮಿಲ್ಲಿನ ಪ್ರದರ್ಶನ ಭರ್ಜರಿಯಾಗಿ ಆಯಿತು. ಶಾಲು ಹೊದಿಸಿದರು.

ಊಟದ ಹೊತ್ತಿಗೆ ಕರೆ ಬಂತು. ಪಕ್ಕದ ಹಾಲೇನಹಳ್ಳಿ ಕಾಲೋನಿಯಲ್ಲಿ ಹೆಂಗಸರ ಸಂಘದ ಹಗ್ಗದ ಶೆಡ್ಡಿಗೆ ಬೆಂಕಿ. ನಮ್ಮ ಗಾಡಿಯಲ್ಲಿ ನೀರಿರಲಿಲ್ಲ. ಡ್ರೈವರ್ ತುಂಬಿಸಿರಲಿಲ್ಲ. ಶೆಡ್ಡು ಪೂರಾ ಹೋಯಿತು. ಒಬ್ಬ ಹೆಂಗಸಿನ ಕೈ ಸುಟ್ಟಿದೆ.

ತಲೆ ಸಿಡಿಯುತ್ತಿದೆ. ಸಾಕು.

ಏಪ್ರಿಲ್ ೧೭, ಗುರುವಾರ

ನಿನ್ನೆ ಬರೆದದ್ದನ್ನು ಓದಿದೆ. "ಡ್ರೈವರ್ ತುಂಬಿಸಿರಲಿಲ್ಲ." ಥೂ! ಯಾರೂ ಓದದ ಪುಸ್ತಕದಲ್ಲೂ ಹೀಗೆ ಬರೆಯುತ್ತೀಯಲ್ಲೋ ರುದ್ರಮೂರ್ತಿ, ಯಾರಿಗೆ ಹೆದರಿ? ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ, ಎದೆಯಾದರೂ ಹಗುರಾಗಲಿ.

ಮಿಲ್ಲಿನ ಅಂಗಳದಲ್ಲಿ ಹಳೇ ಟಯರಿಗೆ ಬೆಂಕಿ ಹಚ್ಚಿ ನಂದಿಸಿ ತೋರಿಸಿದೆವು. ಅಷ್ಟಕ್ಕೆ ಮುಗಿಯಬೇಕಿತ್ತು. ಬೀಗರ ಮನೆಯ ಹೆಂಗಸರಿಗೆ ಫೋಟೋ ಬೇಕಾಯಿತು. ನೀರನ್ನು ಆಕಾಶಕ್ಕೆ ಕಮಾನಿನಂತೆ ಹಾರಿಸಿ ಕೆಳಗೆ ನಿಂತು ತೆಗೆಸಿಕೊಂಡರು. ಒಂದು ತಂಡ ಆಯಿತು, ಇನ್ನೊಂದು ತಂಡ ಬಂತು. "ಬಿಡೋ, ಬಿಡೋ" ಅಂತ ನಾನು ಕೈ ಬೀಸುತ್ತಲೇ ಇದ್ದೆ. ಪೈಪು ಹಿಡಿದಿದ್ದ ತಿಮ್ಮಪ್ಪ ನನ್ನ ಮುಖ ನೋಡಿದ. ಹೊನ್ನೇಶ ಪಂಪಿನ ಹತ್ತಿರದಿಂದ ಬಂದು ಕಿವಿಯಲ್ಲಿ, "ಸಾರ್, ಟ್ಯಾಂಕ್ ತಳ ಹತ್ತೈತೆ, ಸಾಕು ಮಾಡಾನ" ಎಂದ. ನಾನು ಕೇಳಿಸದವನ ಹಾಗೆ ನಕ್ಕೆ.

ಆಮೇಲೆ ಎಲೆ ಹಾಕಿದರು. ನಾವೇ ಮಾಡಿಕೊಂಡ ನಿಯಮ, ನಾನೇ ಎಲ್ಲರಿಗೂ ಕಲಿಸಿದ ನಿಯಮ: ಖಾಲಿ ಗಾಡಿ ಒಂದು ಗಳಿಗೆಯೂ ನಿಲ್ಲಬಾರದು. ಹೊನ್ನೇಶ ಅದನ್ನೇ ಮಾಡಲು ಹೊರಟಿದ್ದ. "ಇಲ್ಲೇ ಮಿಲ್ಲಿನ ಬೋರೈತೆ ಸಾರ್, ತುಂಬಿಸ್ಕಂಡು ಬಂದು ಕೂರ್ತೀನಿ." ನಾನು ಅವನ ಕೈ ಹಿಡಿದು ಎಳೆದು ನನ್ನ ಪಕ್ಕದ ಎಲೆಗೆ ಕೂರಿಸಿದೆ. "ಕೂತ್ಕೊಳೋ ಮಾರಾಯ. ಎಲೆ ಮುಂದೆ ಬಂದ್ಮೇಲೆ ಪಂಕ್ತಿ ಬಿಟ್ಟು ಏಳ್ಬಾರ್ದು, ಹಾಕಿದೋರಿಗೆ ಅವಮಾನ. ಉಂಡು ತುಂಬ್ಸು." ಹೊನ್ನೇಶನ ಜಾತಿ ಅಲ್ಲಿ ಎಲ್ಲರಿಗೂ ಗೊತ್ತು. ಸಾಹೇಬರೇ ಪಕ್ಕದಲ್ಲಿ ಕೂರಿಸಿಕೊಂಡರು ಎಂಬುದನ್ನು ನಾಲ್ಕು ಜನ ನೋಡಿದರು. ಅದರಲ್ಲೇನು ತಪ್ಪು? ಒಳ್ಳೆಯದನ್ನೇ ಮಾಡಿದೆ. ಅದು ಬೇರೆ ಮಾತು.

ಹೋಳಿಗೆಗೆ ತುಪ್ಪ ಬೀಳುವಾಗ ಫೋನು ಬಂತು. ಎಂಜಲು ಕೈಯಲ್ಲೇ ಓಡಿದೆವು. ಗಾಡಿ ಸ್ಟಾರ್ಟ್ ಮಾಡುವಾಗ ಹೊನ್ನೇಶ "ಸಾರ್, ನೀರು..." ಎಂದ. "ಅಲ್ಲಿ ಕೆರೆ ಇದೆ, ನಡಿ" ಎಂದೆ. ಕೆರೆ ಬಿರುಕು ಬಿಟ್ಟು ಬಿದ್ದಿತ್ತು. ಪಕ್ಕದ ತೋಟದಲ್ಲಿ ಬೋರಿತ್ತು, ಆ ಹೊತ್ತಿಗೆ ತ್ರೀಫೇಸ್ ಕರೆಂಟಿರಲಿಲ್ಲ.

ತೆಂಗಿನ ನಾರು ಹೇಗೆ ಉರಿಯುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಹೋದಾಗ ಶೆಡ್ಡಿನ ಒಂದು ಮೂಲೆ ಮಾತ್ರ ಹತ್ತಿತ್ತು. ನೀರಿದ್ದಿದ್ದರೆ ಆಡುತ್ತ ನಂದಿಸುತ್ತಿದ್ದೆವು. ತಿಮ್ಮಪ್ಪ ಪೈಪು ಹಿಡಿದು "ನೀರ್ ಬಿಡ್ರಪ್ಪೋ" ಎಂದು ಕೂಗಿದ. ಪೈಪು ಒಂದು ಸಲ ಉಬ್ಬಿತು, ಕೆಮ್ಮಿದ ಹಾಗೆ ಒಂದಿಷ್ಟು ಉಗುಳಿತು, ಸೊರಗಿತು. ಇಡೀ ಕಾಲೋನಿ ನೋಡುತ್ತಿತ್ತು. ಒಬ್ಬ ಮುದುಕ, "ಬೆಂಕಿ ಬಿದ್ದಾಗ ಬಾವಿ ತೋಡಾಕ್ ಬಂದವ್ರೆ ನೋಡ್ರಲಾ ಇವ್ರು" ಎಂದ. ನನ್ನದೇ ಗಾದೆ. ಅಷ್ಟರಲ್ಲಿ ಒಬ್ಬ ಹೆಂಗಸು ಹೊಸ ಹಗ್ಗದ ಮಷೀನು ಎಳೆಯಲು ಒಳಗೆ ನುಗ್ಗಿಬಿಟ್ಟಳು. ನಾವು ಅವಳನ್ನು ಹೊರಗೆ ಎಳೆದು ತರುವಷ್ಟರಲ್ಲಿ ಎರಡು ಕೈಯೂ ಬೆಂದಿದ್ದವು. ಜನ ನನ್ನ ಕಡೆ ತಿರುಗಿದರು. "ಏನ್ರೀ ಸಾಹೇಬ್ರೆ, ಮೆರವಣಿಗೆ ಬಂದಿದ್ರಾ?"

ನಾನು ಹೊನ್ನೇಶನ ಕಡೆ ತಿರುಗಿದೆ. "ಟ್ಯಾಂಕ್ ತುಂಬಿಸದೆ ಗಾಡಿ ತಂದಿದೀಯೇನೋ? ಬುದ್ಧಿ ಇದೆಯೇನೋ ನಿನಗೆ? ಯಾರೋ ನಿನಗೆ ಕೆಲಸ ಕೊಟ್ಟದ್ದು?" ಊರಿಗೆಲ್ಲ ಕೇಳುವ ಹಾಗೆ ಅಂದೆ. ಕೇಳಲಿ ಎಂದೇ ಅಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ತಲೆ ಬಗ್ಗಿಸಿ "ತಪ್ಪಾಯ್ತು ಸಾರ್" ಎಂದ.

ಅದು ಅವನ ಹೆಂಡತಿಯ ತವರೂರು. ಕೈ ಸುಟ್ಟುಕೊಂಡವರು ಅವನ ಅತ್ತೆ ಹಾಲಮ್ಮ. ಶುರುಮಾಡುವುದಿದ್ದ ಮಷೀನು ಅದೇ. ಇದೆಲ್ಲ ನನಗೆ ಗೊತ್ತಾದದ್ದು ಅವನ ಹೆಂಡತಿ ಪ್ರಜ್ಞಾ ಅವ್ವನ ಪಕ್ಕ ಕೂತು ಅಳುತ್ತ, ತಲೆಯೆತ್ತಿ ಗಂಡನನ್ನು ನೋಡಿ, "ಇನ್ಮೇಲೆ ನಿಮ್ಮ ಮುಖ ನೋಡಲ್ಲ" ಎಂದಾಗ.

ಬರೆದೆ. ಎದೆ ಹಗುರಾಗಲಿಲ್ಲ.

ಏಪ್ರಿಲ್ ೧೯, ಶನಿವಾರ

ಯಶೋದಾ ಬಿಡಲಿಲ್ಲ. "ಗಾಯ ಆದೋರನ್ನ ನೋಡ್ಕೊಂಡು ಬರೋದು ಮನುಷ್ಯತ್ವ ಕಣ್ರೀ" ಎಂದು ಕಿತ್ತಳೆ ಹಣ್ಣು ಹಿಡಿದು ಆಸ್ಪತ್ರೆಗೆ ಹೊರಟಳು. ನನ್ನ ಹೆಂಡತಿಗೆ ನಾನಿನ್ನೂ ಏನೂ ಹೇಳಿಲ್ಲ. ಊರವರ ಹಾಗೆ ಅವಳೂ ಡ್ರೈವರನದೇ ತಪ್ಪೆಂದು ತಿಳಿದಿದ್ದಾಳೆ.

ಹಾಲಮ್ಮನ ಎರಡೂ ಕೈಗೆ ಪಟ್ಟಿ. ಕಿತ್ತಳೆ ತಂದದ್ದು ಎಂಥ ಪೆದ್ದತನ ಎಂದು ಅಲ್ಲಿ ಹೋದ ಮೇಲೆ ತಿಳಿಯಿತು. ಯಶೋದಾ ತಾನೇ ಸುಲಿದು, ಬೀಜ ತೆಗೆದು, ತೊಳೆ ತೊಳೆಯಾಗಿ ತಿನ್ನಿಸಿದಳು. ನಾನು ಮಂಚದ ಕಾಲು ಹಿಡಿದು ನಿಂತಿದ್ದೆ.

ಪ್ರಜ್ಞಾ ನನಗೆ ಕುರ್ಚಿ ತಂದು ಹಾಕಿದಳು. "ನಮ್ಮನೆಯೋರಿಂದ ನಿಮ್ಗೂ ಕೆಟ್ಟ ಹೆಸ್ರು ಬಂತು ಸಾರ್. ಅವ್ವನ ಕೈ ಹೋಯ್ತು, ಸಂಘದೋರ ಹೊಟ್ಟೆ ಮೇಲೆ ಹೊಡ್ದಂಗಾಯ್ತು. ನಾನು ಕಡೂರಿನ ಮನೆಗೆ ಹೋಗಲ್ಲ ಸಾರ್, ಊರಲ್ಲೇ ಇದ್ಬಿಡ್ತೀನಿ. ಅವ್ರು ಬಂದ್ರೂ ಬಾಗ್ಲು ತೆಗೆಯಲ್ಲ." ಈಗ ಹೇಳು ರುದ್ರಮೂರ್ತಿ, ಬಾಯಿ ಬಿಡು ಎಂದು ಒಳಗೆ ಯಾರೋ ತಿವಿದ ಹಾಗಾಯಿತು. ಬಾಯಿ ಬಿಟ್ಟೆ. "ಆಗಬಾರದಿತ್ತು ಕಣಮ್ಮ, ಆಗಿಹೋಯ್ತು" ಎಂದೆ.

ಹಾಲಮ್ಮ ಹಣ್ಣು ಅಗಿಯುತ್ತ ನನ್ನನ್ನೇ ನೋಡುತ್ತಿದ್ದರು. ನನಗೆ ಆ ಕೋಣೆಯಿಂದ ಹೊರಗೆ ಬಂದರೆ ಸಾಕಾಗಿತ್ತು.

ಏಪ್ರಿಲ್ ೨೩, ಬುಧವಾರ

ಜಿಲ್ಲಾ ಅಧಿಕಾರಿಗಳ ಫೋನು. ಏನ್ರೀ ಅದು ಸಖರಾಯಪಟ್ಟಣದ ಕಡೆ ಗಲಾಟೆ ಎಂದರು. ಮೂಳೆಯಿಲ್ಲದ ನಾಲಿಗೆ, "ಡ್ರೈವರ್‌ಗೆ ವಾರ್ನ್ ಮಾಡಿದೀನಿ ಸಾರ್, ಇನ್ನೊಮ್ಮೆ ಹಾಗಾಗಲ್ಲ" ಎಂದುಬಿಟ್ಟಿತು. ಫೋನಿಟ್ಟು ನೋಡಿದರೆ ಹೊನ್ನೇಶ ಬಾಗಿಲಲ್ಲಿ ಹಾಜರಿ ಹಾಕಲು ನಿಂತಿದ್ದ.

ಅವನು ಈಗ ಡಬ್ಬಿ ತರುವುದಿಲ್ಲ. ಊಟದ ಹೊತ್ತಿಗೆ ಗಾಡಿ ಒರೆಸುತ್ತಾನೆ.

ಮೇ ೮, ಗುರುವಾರ

ಬರೆಯದೆ ಬಹಳ ದಿನವಾಯಿತು. ಬರೆದು ಏನು ಮಾಡುವುದು?

ಇವತ್ತು ಯಶೋದಾ ಸೊಪ್ಪು ಸೋಸುತ್ತ, "ಪಾಪ, ಹೊನ್ನೇಶ ಸಂತೇಲಿ ಸಿಕ್ಕಿದ್ದ. ಎಷ್ಟು ಇಳ್ದುಹೋಗಿದಾನೆ! ಹೆಂಡ್ತಿ ಮಾತಾಡಲ್ವಂತೆ, ಅತ್ತೆ ಊರಿಗೆ ಕಾಲಿಡಂಗಿಲ್ವಂತೆ. ತಪ್ಪೇನೋ ಮಾಡ್ದ, ಆದ್ರೆ ಇಷ್ಟು ಶಿಕ್ಷೆನಾ?" ಎಂದಳು. "ಅವನು ಮಾಡಲಿಲ್ಲ" ಎಂದೆ. ಅದು ಹೇಗೆ ಬಾಯಿಗೆ ಬಂತೋ. ಆಮೇಲೆ ಎಲ್ಲ ಹೇಳಿದೆ. ಪಂಪು, ಫೋಟೋ, ಎಲೆ, ಹೋಳಿಗೆ.

ಯಶೋದಾ ಸೊಪ್ಪು ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಆ ಹುಡ್ಗಿ ನಿಮ್ಗೆ ಕುರ್ಚಿ ಹಾಕಿದ್ಲಲ್ರೀ" ಎಂದಳು. "ಕೂತ್ರಲ್ರೀ ನೀವು."

ಸೊಪ್ಪು ಮತ್ತೆ ಕೈಗೆತ್ತಿಕೊಂಡು ಅವಳೇ ಹೇಳಿದಳು. "ಸೋಮವಾರ ಬುದ್ಧಪೂರ್ಣಿಮೆ. ಕಾಲೋನಿಯೋರೆಲ್ಲ ಒಂದ್ಕಡೆ ಸೇರಿರ್ತಾರೆ. ಅಷ್ಟು ಜನರ ಮುಂದೆ ಬೈದೋರು, ಅಷ್ಟೇ ಜನರ ಮುಂದೆ ಹೋಗಿ ಹೇಳಿ ಬನ್ನಿ. ಇಲ್ದಿದ್ರೆ ನಂಗೆ ನಿಮ್ಗೆ ಬಡಿಸೋಕೂ ಮನಸ್ಸು ಬರಲ್ಲ."

ಮೇ ೧೨, ಸೋಮವಾರ

ಹೋದೆ. ಯೂನಿಫಾರಂ ಹಾಕಿಕೊಂಡು, ಜೀಪಿನಲ್ಲಿ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

ಕಾಲೋನಿಯ ಸಮುದಾಯ ಭವನದಲ್ಲಿ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಹೂವು. ಕಳೆದ ತಿಂಗಳು ಬಾಬಾಸಾಹೇಬರ ಜಯಂತಿಗೆ ಕಟ್ಟಿದ್ದ ನೀಲಿ ಬಾವುಟಗಳು ಬಿಸಿಲಿಗೆ ಮಾಸಿದ್ದವು. ಜನ ತುಂಬಿದ್ದರು. ಪ್ರಜ್ಞಾ ಹೆಂಗಸರ ಮಧ್ಯೆ ಇದ್ದಳು. ಅವಳ ಅಪ್ಪ ರಾಮಯ್ಯ ಊರಿಗೆ ಹಿರಿಯ, ಅವರೇ ನನ್ನನ್ನು ಮುಂದೆ ಕರೆದು ಮೈಕು ಕೊಟ್ಟರು. ಆ ಮೈಕೇ ನನ್ನ ಕೆಡಿಸಿದ್ದು.

"ನಾಯಕನಾದವನು ತನ್ನ ತಂಡದ ಪ್ರತಿಯೊಂದು ತಪ್ಪಿಗೂ ತಾನೇ ಹೊಣೆ" ಎಂದು ಶುರುಮಾಡಿದೆ. "ಅಂದು ಗಾಡಿಯಲ್ಲಿ ನೀರಿಲ್ಲದ್ದಕ್ಕೆ ಹೊನ್ನೇಶನನ್ನು ಯಾರೂ ದೂಷಿಸಬೇಡಿ. ಆ ತಪ್ಪು ನನ್ನದು. ಈ ರುದ್ರಮೂರ್ತಿಯದು. ನಿಮ್ಮ ಮುಂದೆ ತಲೆಬಾಗಿ ಕ್ಷಮೆ ಕೇಳುತ್ತೇನೆ." ಧ್ವನಿ ತಾನೇ ಏರಿತು, ತಾನೇ ಇಳಿಯಿತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದೆ. ಕಣ್ಣಲ್ಲಿ ನೀರೂ ಬಂತು, ಅದು ಸುಳ್ಳಲ್ಲ.

ಜನ ಚಪ್ಪಾಳೆ ಹೊಡೆದರು! ಎದ್ದು ನಿಂತು ಹೊಡೆದರು. ರಾಮಯ್ಯ ನನ್ನ ಎರಡು ಕೈ ಹಿಡಿದುಕೊಂಡು, "ಎಂಥಾ ದೊಡ್ ಮನಸ್ಸು ಸಾಹೇಬ್ರೆ ನಿಮ್ದು. ಕೈಕೆಳಗಿನೋನ ತಪ್ಪನ್ನ ನಿಮ್ಮ ತಲೆ ಮೇಲೆ ಹೊತ್ಕಂಡು ಇಲ್ಲೀಗಂಟ ಬಂದ್ರಲ್ಲ" ಎಂದರು. "ಇಲ್ಲ ರಾಮಯ್ಯನೋರೆ, ನಿಜವಾಗ್ಲೂ ನಂದೇ" ಎಂದೆ. "ನೋಡ್ರಪ್ಪಾ, ಇನ್ನೂ ಬಿಟ್ಕೊಡಲ್ಲ ಅವನ್ನ!" ಎಂದರು. ಮತ್ತೆ ಚಪ್ಪಾಳೆ. ಪ್ರಜ್ಞಾ ಬಂದು ಕೈ ಮುಗಿದಳು. "ನಿಮ್ ಮುಖ ನೋಡಿಯಾದ್ರೂ ಅವ್ರಿಗೆ ಬುದ್ಧಿ ಬರ್ಬೇಕಿತ್ತು ಸಾರ್." ಯಾರೋ ಹೂವಿನ ಹಾರ ತಂದು ನನ್ನ ಕೊರಳಿಗೆ ಹಾಕಿದರು.

ಜೀಪು ಹತ್ತುವಾಗ ಹಾಲಮ್ಮ ತಮ್ಮ ಮನೆ ಜಗಲಿಯಲ್ಲಿ ಕೂತಿದ್ದರು, ಕೈ ಮಡಿಲಲ್ಲಿ ಇಟ್ಟುಕೊಂಡು. ಭವನಕ್ಕೆ ಬಂದಿರಲಿಲ್ಲ, ಮೈಕಿನಲ್ಲಿ ಎಲ್ಲ ಕೇಳಿತ್ತು. "ಭಾಷ್ಣ ಚೆನ್ನಾಗಿತ್ತು ಸಾಮಿ" ಎಂದರು. "ಆದ್ರೆ ಅವತ್ತು ಏನಾಯ್ತು ಅಂತ ಹೇಳ್ನೇ ಇಲ್ಲ ನೀವು."

ಹಾರ ಇನ್ನೂ ಕೊರಳಲ್ಲೇ ಇತ್ತು. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

ಮೇ ೧೪, ಬುಧವಾರ

ಪೇಪರಿನಲ್ಲಿ ಬಂದಿದೆ. "ಸಿಬ್ಬಂದಿ ತಪ್ಪಿಗೆ ತಾನು ಕ್ಷಮೆ ಕೇಳಿದ ಅಧಿಕಾರಿ." ಹಾರದ ಜೊತೆ ಫೋಟೋ. ಬಸವರಾಜಪ್ಪನವರು ಫೋನು ಮಾಡಿ ಶಹಬ್ಬಾಸ್ ಎಂದರು. ಆ ಎಲೆಯ ಎದುರಿಗೆ ನಿಂತು ಬಡಿಸಿದವರು ಅವರೇ, ಹೊನ್ನೇಶನನ್ನು ನಾನು ಎಳೆದು ಕೂರಿಸಿದ್ದು ಅವರಿಗೂ ನೆನಪಿಲ್ಲ.

ಠಾಣೆಯಲ್ಲಿ ಯಾರೂ ಪೇಪರಿನ ಮಾತೆತ್ತಲಿಲ್ಲ. ಹೊನ್ನೇಶ ಅದರಿಂದಲೇ ಗಾಡಿಯ ಗಾಜು ಒರೆಸುತ್ತಿದ್ದ. ಬೇಕೆಂದೇ ಮಾಡಿದನೋ, ಕೈಗೆ ಸಿಕ್ಕಿತೆಂದು ಮಾಡಿದನೋ. ಬೇಕೆಂದೇ ಮಾಡಿದ್ದರೆ ಒಳ್ಳೆಯದು.

ಮೇ ೨೨, ಗುರುವಾರ

ಅಜ್ಜಂಪುರದಲ್ಲಿ ಶಾಲೆಗಳ ಬಿಸಿಯೂಟದ ಅಡುಗೆಯವರಿಗೆ ತರಬೇತಿ. ಗ್ಯಾಸ್ ಸೋರಿದರೆ ಏನು, ಎಣ್ಣೆಗೆ ಬೆಂಕಿ ಹತ್ತಿದರೆ ಏನು. ಈ ಪಾಠವನ್ನು ನಾನು ನಿದ್ದೆಯಲ್ಲೂ ಮಾಡಬಲ್ಲೆ. ಎದ್ದು ನಿಂತು, "ಮನೆಗೆ ಬೆಂಕಿ ಬಿದ್ದಾಗ" ಎಂದೆ. ಮುಂದಕ್ಕೆ ಬರಲಿಲ್ಲ. ಹೆಂಗಸರು ಕಾಯುತ್ತಿದ್ದರು. ಬಿಸಿಲಿಗೆ ತಲೆ ಸುತ್ತಿತೇನೋ ಎಂದು ಒಬ್ಬಾಕೆ ಮಜ್ಜಿಗೆ ತಂದುಕೊಟ್ಟಳು.

ತಿಮ್ಮಪ್ಪನಿಗೆ ಹೇಳಿ ಕೂತುಬಿಟ್ಟೆ. ಅವನು ಭಾಷಣ ಮಾಡಲಿಲ್ಲ, ಒದ್ದೆ ಗೋಣಿಚೀಲ ತಂದು ಒಬ್ಬೊಬ್ಬರ ಕೈಗೂ ಕೊಟ್ಟು ಅವರಿಂದಲೇ ಸಿಲಿಂಡರ್ ಬೆಂಕಿ ಆರಿಸಿದ. ಬಹಳ ನಕ್ಕರು, ಬಹಳ ಕಲಿತರು. ನಾನೂ ಕೊನೆಗೆ ಗೋಣಿಚೀಲ ಹಿಂಡಿ ಹಿಂಡಿ ಕೊಟ್ಟೆ. ಪ್ಯಾಂಟೆಲ್ಲ ಒದ್ದೆ.

ವಾಪಸು ಬರುವಾಗ ಹೊನ್ನೇಶ ಎಂದಿನಂತೆ ಅಜ್ಜಂಪುರದಲ್ಲೇ ಟ್ಯಾಂಕು ತುಂಬಿಸಿಕೊಂಡ. ಪೈಪಿನ ತುದಿ ನಾನು ಹಿಡಿದೆ. ಅವನು ಬೇಡ ಎನ್ನಲಿಲ್ಲ.

ಮೇ ೨೫, ಭಾನುವಾರ

ಇವತ್ತು ಬಸ್ಸಿನಲ್ಲಿ ಹಾಲೇನಹಳ್ಳಿಗೆ ಹೋಗಿ ಬಂದೆ.

ಹಾಲಮ್ಮನ ಪಟ್ಟಿ ಬಿಚ್ಚಿದ್ದಾರೆ. ಬೆರಳು ಇನ್ನೂ ಮಡಚುವುದಿಲ್ಲ. ಜಗಲಿಯಲ್ಲಿ ಅವರು, ರಾಮಯ್ಯ, ಪ್ರಜ್ಞಾ, ಸಂಘದ ಇಬ್ಬರು ಹೆಂಗಸರು. ರಾಮಯ್ಯ "ಬನ್ನಿ ಬನ್ನಿ ಸಾಹೇಬ್ರೆ" ಎಂದು ಕುರ್ಚಿ ತರಿಸಹೊರಟರು. ಬೇಡವೆಂದು ಮೆಟ್ಟಿಲ ಮೇಲೆ ಕೂತೆ.

"ಹಾಲಮ್ಮ, ಅವತ್ತು ಏನಾಯ್ತು ಅಂತ ಹೇಳ್ತೀನಿ" ಎಂದೆ. ಹೇಳಿದೆ. ನಿಮ್ಮ ಅಳಿಯ ನೀರು ಮುಗೀತಾ ಇದೆ ಅಂದ, ನಾನು ಫೋಟೋಗೆ ಬಿಡ್ಸಿದೆ. ತುಂಬಿಸ್ಕೊಂಡು ಬತ್ತೀನಿ ಅಂದ, ನಾನು ಕೈ ಹಿಡಿದು ಕೂರಿಸ್ದೆ. ಗಾಡೀಲಿ ಕೂತ್ಮೇಲೂ ನೀರಿಲ್ಲ ಅಂದ, ನಡಿ ಅಂದೆ. ಇಲ್ಲಿ ನೀವೆಲ್ಲ ನನ್ನ ಕಡೆ ತಿರುಗಿದ್ರಿ, ನಂಗೆ ಭಯ ಆಯ್ತು, ಅವನ ಮೇಲೆ ಹಾಕ್ದೆ.

ರಾಮಯ್ಯ ನಂಬಿದ ಹಾಗೆ ಕಾಣಲಿಲ್ಲ. "ಅಲ್ಲ ಸಾಹೇಬ್ರೆ, ಊಟಕ್ಕೋಸ್ಕರ ಯಾರಾದ್ರೂ ಹಂಗ್ ಹಿಡ್ದು ಕೂರಿಸ್ತಾರಾ? ನೀವು ಅವನ್ನ ಉಳಿಸಾಕೆ ಹೇಳ್ತಿದ್ದೀರಿ" ಎಂದರು.

ಆಗ ಉಳಿದದ್ದನ್ನೂ ಹೇಳಬೇಕಾಯಿತು. ಇದನ್ನು ನಾನು ಇಲ್ಲಿಯೂ ನೆಟ್ಟಗೆ ಬರೆದಿರಲಿಲ್ಲ.

"ಅವನ ಹಸಿವಿಗೆ ಕೂರಿಸ್ಲಿಲ್ಲ ರಾಮಯ್ಯನೋರೆ. ಅಲ್ಲಿ ನಮ್ಮ ಜನ ಎಲ್ಲ ಇದ್ರು. ರುದ್ರಮೂರ್ತಿ ಜಾತಿ ನೋಡಲ್ಲ, ನಿಮ್ಮೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಉಣ್ತಾನೆ ಅಂತ ಅವ್ರು ನೋಡ್ಲಿ ಅಂತ ಕೂರಿಸ್ದೆ. ಅವನು ಎದ್ದೋಗಿದ್ರೆ ಅದು ಕಾಣ್ತಿರ್ಲಿಲ್ಲ."

ನಂಬಿದರು. ಈ ಸಲ ಎಲ್ಲರೂ ನಂಬಿದರು. ರಾಮಯ್ಯ ನನ್ನ ಮುಖದಿಂದ ಕಣ್ಣು ತೆಗೆದು ರಸ್ತೆಯ ಕಡೆ ನೋಡಿದರು. ಸಂಘದ ಹೆಂಗಸೊಬ್ಬಳು ಸೆರಗು ಕೊಡವಿ ಎದ್ದುಹೋದಳು.

ಪ್ರಜ್ಞಾ ಅವ್ವನ ಕಡೆ ತಿರುಗಿದಳು. "ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಅವ್ರು? ಬಾಗ್ಲಾಗೆ ಬಂದು ನಿಂತಿದ್ರಲ್ಲ, ಒಂದ್ ಮಾತು ಹೇಳ್ಬಾರ್ದಾ?"

"ಹೇಳಿದ್ರೆ ನೀನು ಯಾರ ಮಾತು ನಂಬ್ತಿದ್ದೆ?" ಎಂದರು ಹಾಲಮ್ಮ. "ಗಂಡನ್ದೋ, ಈ ಸಾಹೇಬ್ರುದೋ?"

ಪ್ರಜ್ಞಾ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನಾನು ಎದ್ದೆ. ಕುಡಿಯಲು ನೀರು ಬೇಕಾ ಎಂದು ಯಾರೂ ಕೇಳಲಿಲ್ಲ. ನಾನು ಬಸ್ ಸ್ಟಾಪಿನಲ್ಲಿ ನಿಂತಿರುವಾಗ ಅವಳು ಬ್ಯಾಗು ಹಿಡಿದು ಬಂದಳು. ಅದೇ ಬಸ್ಸು. ಅವಳು ಮುಂದೆ ಹತ್ತಿದಳು, ನಾನು ಹಿಂದೆ. ಕಡೂರಿನಲ್ಲಿ ಇಳಿದು ತಿರುಗಿ ನೋಡದೆ ಮನೆ ಕಡೆ ಹೋದಳು.

ಮೇ ೨೬, ಸೋಮವಾರ

ಜಿಲ್ಲಾ ಅಧಿಕಾರಿಗಳಿಗೆ ಫೋನು ಮಾಡಿ ಹೇಳಿದೆ. ಹೊನ್ನೇಶನಿಗೆ ವಾರ್ನ್ ಮಾಡಿದ್ದೇನೆ ಎಂದದ್ದು ತಪ್ಪು, ತಪ್ಪು ಮಾಡಿದವನು ನಾನು ಎಂದೆ. ಅವರು "ನಾಳೆ ಬಂದು ಎದುರಿಗೆ ಹೇಳ್ರಿ" ಎಂದರು. ಯಶೋದಾ ಊಟಕ್ಕೆ ಬಡಿಸುವಾಗ ಅನ್ನದ ಮೇಲೆ ತುಪ್ಪ ಹಾಕಿದಳು. ಬೇಡವೆಂದು ಕೈ ಅಡ್ಡ ಹಿಡಿದೆ, ಆದರೂ ಹಾಕಿದಳು.

ಮೇ ೨೮, ಬುಧವಾರ

ನಿನ್ನೆ ಚಿಕ್ಕಮಗಳೂರಿಗೆ ಹೋಗಿ ಹೇಳಿಬಂದೆ. ವಿಚಾರಣೆ ಆಗುತ್ತದಂತೆ. ಆಗಲಿ. ಮಾಡಿದ್ದುಣ್ಣೋ ಮಹರಾಯ. ಅದರ ಬಗ್ಗೆ ಬರೆಯಲು ಕೂತದ್ದಲ್ಲ.

ಹೊನ್ನೇಶ ಇವತ್ತು ಡಬ್ಬಿ ತಂದಿದ್ದ. ಪ್ರಜ್ಞಾ ಕಟ್ಟಿಕೊಟ್ಟಿರಬೇಕು. ನೋಡಿ ಜೀವಕ್ಕೆ ಸಮಾಧಾನವಾಯಿತು. ಬೆಳಗಿನ ಪೆರೇಡು ಮುಗಿದ ಮೇಲೆ ಅವನೇ ನನ್ನ ಕೋಣೆಗೆ ಬಂದ. ಥ್ಯಾಂಕ್ಸ್ ಹೇಳುತ್ತಾನೆ ಎಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡೆ, ಏನು ಉತ್ತರ ಕೊಡಬೇಕೆಂದೂ ಯೋಚಿಸಿದೆ. ಈ ಮನಸ್ಸಿಗೆ ನಾಚಿಕೆಯೆಂಬುದಿಲ್ಲ.

"ಪ್ರಜ್ಞಾ ಎಲ್ಲ ಹೇಳಿದ್ಲು ಸಾರ್."

"ಮೊದಲೇ ಹೇಳಬೇಕಿತ್ತು ಹೊನ್ನೇಶ. ತಪ್ಪಾಯ್ತು" ಎಂದೆ.

"ನೀರಿನ ವಿಷ್ಯಕ್ಕೆ ನಂಗೆ ಅಷ್ಟು ಬೇಜಾರಿರ್ಲಿಲ್ಲ ಸಾರ್. ಬೆಂಕಿ ಮುಂದೆ ನಿಂತಾಗ ಯಾರಿಗಾದ್ರೂ ಬಾಯಿ ಜಾರ್ತೈತೆ. ಒಂದಿನ ನೀವೇ ಹೇಳ್ತೀರಾ ಅಂತ ಗೊತ್ತಿತ್ತು. ಅದ್ಕೇ ಮನೇಲೂ ಬಾಯ್ಬಿಡ್ಲಿಲ್ಲ. ನಮ್ ಸಾಹೇಬ್ರನ್ನ ಹೆಂಡ್ತಿ ಮುಂದೆ ಯಾಕೆ ಕೆಟ್ಟೋರ್ ಮಾಡ್ಬೇಕು ಅಂತ."

ಟೋಪಿ ಅವನ ಕೈಯಲ್ಲಿತ್ತು. ಅದನ್ನು ತಿರುಗಿಸುತ್ತ ನಿಂತಿದ್ದ.

"ಇನ್ನೊಂದು ಹೇಳಿದ್ರಂತಲ್ಲ ಸಾರ್. ಜನ ನೋಡ್ಲಿ ಅಂತ ಪಕ್ಕದಲ್ಲಿ ಕೂರಿಸ್ಕಂಡೆ ಅಂತ. ಮಾವ ನಂಬ್ಲಿ ಅಂತ ಹಂಗಂದ್ರಾ, ಇಲ್ಲ ನಿಜಾನಾ?"

ಸುಳ್ಳು ಹೇಳಬಹುದಿತ್ತು. ಅವನು ಅದನ್ನೇ ಬೇಡುತ್ತಿದ್ದ ಎಂದು ಈಗ ಅನ್ನಿಸುತ್ತದೆ.

"ನಿಜ" ಎಂದೆ.

ಅವನು ತಲೆಯಾಡಿಸಿದ. ಸಿಟ್ಟು ಮಾಡಲಿಲ್ಲ. "ಅವತ್ತು ಜಾತಿ ನೆಪ್ಪಿದ್ದದ್ದು ನಿಮ್ಗೆ ಸಾರ್. ನಂಗೆ ನೆಪ್ಪೇ ಇರ್ಲಿಲ್ಲ. ಬೆಳಗ್ಗಿಂದ ನಾನು ಏನೂ ತಿಂದಿರ್ಲಿಲ್ಲ, ಸಾಹೇಬ್ರು ಅದನ್ನ ನೋಡಿ ಕೈ ಹಿಡ್ಕಂಡ್ರು ಅಂದ್ಕಂಡಿದ್ದೆ. ನಮ್ ಗಾಡಿಯೋರೆಲ್ಲ ಒಟ್ಟಿಗೆ ಉಣ್ಣಾಕೆ ಕೂತಿದೀವಿ ಅಂದ್ಕಂಡಿದ್ದೆ."

ಸೆಲ್ಯೂಟ್ ಹೊಡೆದು ಹೋದ. ಎಂದಿಗಿಂತ ನೆಟ್ಟಗೆ ಹೊಡೆದ.

ಮಧ್ಯಾಹ್ನ ಗಾಡಿಯ ನೆರಳಿನಲ್ಲಿ ತಿಮ್ಮಪ್ಪ, ಹೊನ್ನೇಶ, ಉಳಿದವರೆಲ್ಲ ಡಬ್ಬಿ ಬಿಚ್ಚಿ ಕೂತರು. ಹಾಲಮ್ಮನ ಊರಿನ ಉಪ್ಪಿನಕಾಯಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು, ಏನೋ ತಮಾಷೆಗೆ ನಗುತ್ತಿದ್ದರು. ನಾನು ನನ್ನ ಡಬ್ಬಿ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಹೊನ್ನೇಶ ಒಂದು ಸಲ ಈ ಕಡೆ ನೋಡಿದ. ಯಾರೂ ಕರೆಯಲಿಲ್ಲ. ಅವರು ಉಂಡು, ಕೈ ತೊಳೆದು ಏಳುವ ತನಕ ಅಲ್ಲೇ ನಿಂತಿದ್ದೆ.